ಹೆರಿಗೆಯ ನಂತರ ತಾಯಿಯ ಆರೋಗ್ಯ ತಪಾಸಣೆ: ಯಾವಾಗ, ಏಕೆ?

ಹೆರಿಗೆಯಾದ ಮೇಲೆ ಮಗುವಿನ ಲಸಿಕೆಯ ದಿನ ಮನೆಯವರೆಲ್ಲರಿಗೂ ನೆನಪಿರುತ್ತದೆ. ತಾಯಿಯ ತಪಾಸಣೆ ಮಾತ್ರ ಮರೆತುಹೋಗುತ್ತದೆ. ಮುಂಬೈ, ಪುಣೆ, ಹೈದರಾಬಾದಿನಿಂದ ಬಾಣಂತನಕ್ಕೆ ತವರಿಗೆ ಹೋಗುವವರಲ್ಲಿ ಇದು ತಪ್ಪುವುದು ಇನ್ನೂ ಸುಲಭ. ಗರ್ಭಿಣಿಯಾಗಿದ್ದಾಗ ನೋಡಿದ ವೈದ್ಯರು ಒಂದೂರಿನಲ್ಲಿ, ಬಾಣಂತಿ ಇನ್ನೊಂದೂರಿನಲ್ಲಿ ಇರುತ್ತಾರೆ.

ಯಾವಾಗ ಮಾಡಿಸಬೇಕು?

ಹೆರಿಗೆಯ ನಂತರ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು. ಆಮೇಲೆ ಕನಿಷ್ಠ 3 ಬಾರಿ, ಅಂದರೆ 48ರಿಂದ 72 ಗಂಟೆಯೊಳಗೆ, 7ರಿಂದ 14ನೇ ದಿನದೊಳಗೆ ಮತ್ತು 6ನೇ ವಾರದಲ್ಲಿ ತಪಾಸಣೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಆದವರು, ರಕ್ತದೊತ್ತಡ ಇರುವವರು ವೈದ್ಯರು ಹೇಳಿದಂತೆ ಹೆಚ್ಚು ಬಾರಿ ಹೋಗಬೇಕಾಗಬಹುದು.

ಏನೇನು ನೋಡುತ್ತಾರೆ?

• ರಕ್ತದೊತ್ತಡ: ಗರ್ಭಿಣಿಯಾಗಿದ್ದಾಗ ಸರಿಯಿದ್ದವರಿಗೂ ಹೆರಿಗೆಯ ನಂತರ ಏರಬಹುದು.
• ರಕ್ತಹೀನತೆ: ಸರ್ಕಾರದ ಕಾರ್ಯಕ್ರಮದಂತೆ ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು.
• ಹೊಲಿಗೆ, ಗರ್ಭಕೋಶ, ಸ್ತನ, ಮೂತ್ರ ತಡೆಯಲಾಗದ ತೊಂದರೆ.
• ಸಕ್ಕರೆ: ಗರ್ಭಿಣಿಯಾಗಿದ್ದಾಗ ಮಧುಮೇಹ ಬಂದಿದ್ದರೆ 6ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ.
• ಮನಸ್ಸು: 2 ವಾರ ಕಳೆದರೂ ಅಳು, ಬೇಸರ, ಭಯ ಕಡಿಮೆಯಾಗದಿದ್ದರೆ ಮುಚ್ಚಿಡದೆ ಹೇಳಿ. ಇದು ಚಿಕಿತ್ಸೆಯಿಂದ ಗುಣವಾಗುತ್ತದೆ.
• ಗರ್ಭನಿರೋಧಕ: ಮುಟ್ಟು ಮರಳುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು.

ತಪಾಸಣೆಯ ದಿನಕ್ಕೆ ಕಾಯಬೇಡಿ

ಕೆಳಗಿನ ಯಾವುದೇ ಲಕ್ಷಣ ಕಂಡರೆ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ:

• ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ
• 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ, ದುರ್ವಾಸನೆಯ ಸ್ರಾವ
• ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್
• ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನಲ್ಲಿ ಊತ ಮತ್ತು ನೋವು
• ತನಗೆ ಅಥವಾ ಮಗುವಿಗೆ ಹಾನಿ ಮಾಡಿಕೊಳ್ಳುವ ಯೋಚನೆ

'ಬಾಣಂತಿಗೆ ಶೀತವಾಗಿದೆ' ಎಂದುಕೊಂಡು ತಲೆನೋವಿಗೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅದು ಏರಿದ ರಕ್ತದೊತ್ತಡದ ಸೂಚನೆ ಇರಬಹುದು.

ಮನೆಯವರು ಏನು ಮಾಡಬಹುದು?

ಊರಿಗೆ ಹೊರಡುವಾಗ ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ಔಷಧಿ ಚೀಟಿಗಳನ್ನು ಒಂದೇ ಚೀಲದಲ್ಲಿಡಿ. ಹೆರಿಗೆಯ ನಂತರ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ಅದಕ್ಕೆ ಸೇರಿಸಿ. ತಪಾಸಣೆಯನ್ನು ಹೆರಿಗೆ ಮಾಡಿಸಿದ ವೈದ್ಯರೇ ಮಾಡಬೇಕೆಂದಿಲ್ಲ. ಇರುವ ಊರಿನ ಸರ್ಕಾರಿ ಆಸ್ಪತ್ರೆ ಅಥವಾ ಪ್ರಸೂತಿ ವೈದ್ಯರ ಬಳಿ ಹೋಗಬಹುದು. ಮಗುವಿಗೆ 6ನೇ ವಾರದ ಲಸಿಕೆ ಹಾಕಿಸುವ ದಿನವೇ ತಾಯಿಯನ್ನೂ ತೋರಿಸಿ. ಒಂದೇ ಓಡಾಟದಲ್ಲಿ ಇಬ್ಬರ ಕೆಲಸವೂ ಮುಗಿಯುತ್ತದೆ.