ಮೀನುಗಾರಿಕಾ ದೋಣಿಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಭೂಸಂಪರ್ಕ

ಕರಾವಳಿಯ ಯಾಂತ್ರೀಕೃತ ದೋಣಿಗಳಲ್ಲಿ ವಿ.ಎಚ್.ಎಫ್. ರೇಡಿಯೋ, ಜಿ.ಪಿ.ಎಸ್., ಮೀನುಶೋಧಕ ಮುಂತಾದ ಉಪಕರಣಗಳು ಸಾಮಾನ್ಯವಾಗಿ 12 ಅಥವಾ 24 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. ದಡದ ಮೇಲಿನ ಕಟ್ಟಡಗಳಿಗೆ ನೆಲವು ಭೂಸಂಪರ್ಕ ಒದಗಿಸುವಂತೆ ದೋಣಿಗೆ ಸಮುದ್ರದ ನೀರು ಒದಗಿಸುತ್ತದೆ. ಉಕ್ಕಿನ ದೋಣಿಯಲ್ಲಿ ಒಡಲೇ ನೀರಿನೊಡನೆ ಸಂಪರ್ಕ ಹೊಂದಿರುತ್ತದೆ. ಮರ ಮತ್ತು ಫೈಬರ್ ವಿದ್ಯುದ್ವಾಹಕಗಳಲ್ಲವಾದ್ದರಿಂದ ಅಂತಹ ದೋಣಿಗಳಲ್ಲಿ ಪ್ರತ್ಯೇಕ ವ್ಯವಸ್ಥೆ ಅಗತ್ಯ.

ಮುಖ್ಯವಾಗಿ ಗಮನಿಸಬೇಕಾದ ಅಂಶ:
ಬ್ಯಾಟರಿಗೆ ವಿದ್ಯುತ್ ಮರಳುವ ಋಣ ತಂತಿ ಬೇರೆ, ಭೂಸಂಪರ್ಕದ ತಂತಿ ಬೇರೆ. ತಂತಿ ಉಳಿಸುವ ಸಲುವಾಗಿ ಉಪಕರಣದ ಋಣ ತುದಿಯನ್ನು ಎಂಜಿನ್ ಅಥವಾ ಉಕ್ಕಿನ ಒಡಲಿಗೆ ಜೋಡಿಸಬಾರದು. ಹಾಗೆ ಜೋಡಿಸಿದಲ್ಲಿ ಸೋರುವ ವಿದ್ಯುತ್ತಿನಿಂದ ಪ್ರೊಪೆಲ್ಲರ್, ಶಾಫ್ಟ್ ಹಾಗೂ ನೀರಿನ ಕವಾಟಗಳು ಶೀಘ್ರವಾಗಿ ಸವೆಯುತ್ತವೆ. ಕವಾಟ ಸವೆದರೆ ದೋಣಿಯೊಳಗೆ ನೀರು ನುಗ್ಗುವ ಅಪಾಯವಿದೆ.

ದೋಣಿ ಮಾಲೀಕರು ಅನುಸರಿಸಬೇಕಾದ ಕ್ರಮಗಳು:
1. ಪ್ರತಿ ಉಪಕರಣದ ಧನ ತಂತಿಗೆ ಫ್ಯೂಸ್ ಅಳವಡಿಸುವುದು. ಋಣ ತಂತಿಯನ್ನು ಬ್ಯಾಟರಿಯವರೆಗೆ ಪ್ರತ್ಯೇಕವಾಗಿ ಒಯ್ಯುವುದು.
2. ಉಪಕರಣಗಳ ಲೋಹದ ಹೊರಕವಚಗಳನ್ನು ತಾಮ್ರದ ತಂತಿಯಿಂದ ಒಂದೇ ಸಾಮಾನ್ಯ ಬಿಂದುವಿಗೆ ಸೇರಿಸುವುದು. ಇದರಿಂದ ರೇಡಿಯೋದಲ್ಲಿನ ಕರಕರ ಸದ್ದು ಹಾಗೂ ಮೀನುಶೋಧಕದ ಪರದೆಯ ಮೇಲಿನ ಗೆರೆಗಳು ಕಡಿಮೆಯಾಗುತ್ತವೆ.
3. ಮರ ಮತ್ತು ಫೈಬರ್ ದೋಣಿಗಳಲ್ಲಿ ಈ ಬಿಂದುವನ್ನು ನೀರ್ಮಟ್ಟದ ಕೆಳಗಿನ, ಸುಮಾರು 1 ಚದರ ಅಡಿ ವಿಸ್ತೀರ್ಣದ ತಾಮ್ರ ಅಥವಾ ಕಂಚಿನ ಫಲಕಕ್ಕೆ ಜೋಡಿಸುವುದು. ಫಲಕಕ್ಕೆ ಬಣ್ಣ ಬಳಿಯಬಾರದು.
4. ಸಿಡಿಲಿನಿಂದ ರಕ್ಷಣೆಗಾಗಿ ಕಂಬದ ತುದಿಯಿಂದ ಫಲಕದವರೆಗೆ 20 ಚದರ ಮಿ.ಮೀ.ಗಿಂತ ಕಡಿಮೆಯಿಲ್ಲದ ದಪ್ಪದ ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ ಇಳಿಸುವುದು. ಇದರಿಂದ ಅಪಾಯ ಕಡಿಮೆಯಾಗುವುದೇ ಹೊರತು ಪೂರ್ಣವಾಗಿ ನಿವಾರಣೆಯಾಗುವುದಿಲ್ಲ. ಗುಡುಗು ಸಿಡಿಲಿನ ವೇಳೆ ಈ ತಂತಿಯನ್ನು ಮುಟ್ಟಬಾರದು.
5. ನೀರೊಳಗಿನ ಲೋಹಭಾಗಗಳ ರಕ್ಷಣೆಗೆ ಇರುವ ಸತುವಿನ ತುಂಡುಗಳು ಅರ್ಧದಷ್ಟು ಸವೆದ ಕೂಡಲೇ ಬದಲಾಯಿಸುವುದು.

ತಪಾಸಣೆ:
ಉಪ್ಪುನೀರಿನಿಂದ ಕೂಡಿಕೆಗಳಲ್ಲಿ ಹಸಿರು ಕಿಲುಬು ಕಟ್ಟಿ ಸಂಪರ್ಕ ಕಡಿಯುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ತಪಾಸಣೆಗೆ ಸೂಕ್ತ ಕಾಲ. ಕೂಡಿಕೆಗಳನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಿದ ನಂತರ ಹೊರಕವಚದಿಂದ ಸಾಮಾನ್ಯ ಬಿಂದುವಿನವರೆಗಿನ ರೋಧವನ್ನು ಅಳೆಯತಕ್ಕದ್ದು. ಅದು 1 ಓಮ್ ಮೀರಬಾರದು. ಈ ಕೆಲಸವನ್ನು ಅನುಭವಿ ತಂತ್ರಜ್ಞರಿಂದಲೇ ಮಾಡಿಸುವುದು ಸೂಕ್ತ.

ಅಪಾಯದ ಸಮಯದಲ್ಲಿ ನೆರವು ಕೋರಬೇಕಾದದ್ದು ವಿ.ಎಚ್.ಎಫ್. ಚಾನೆಲ್ 16ರಲ್ಲಿ. ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554. ಮೊಬೈಲ್ ಸಂಕೇತ ದೊರೆಯದ ದೂರದಲ್ಲಿ ರೇಡಿಯೋ ಒಂದೇ ಆಸರೆಯಾಗಬಹುದಾದ್ದರಿಂದ ದೋಣಿ ಸಮುದ್ರಕ್ಕೆ ಇಳಿಯುವ ಮೊದಲೇ ಅದನ್ನು ಪರೀಕ್ಷಿಸಿಕೊಳ್ಳತಕ್ಕದ್ದು.