ಉದ್ಧರಣೆಯ ಎಲ್ಲೆ

ಪರರ ಗ್ರಂಥದಿಂದ ಎಷ್ಟು ಸಾಲುಗಳನ್ನು ಎತ್ತಿಕೊಳ್ಳಬಹುದು? ಸಂಶೋಧನ ವಿದ್ಯಾರ್ಥಿಗಳು ಇದನ್ನು ನನ್ನೊಡನೆ ಮೇಲಿಂದ ಮೇಲೆ ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದು ಸಂಖ್ಯೆ. ನಮ್ಮ ಗ್ರಂಥಸ್ವಾಮ್ಯದ ಕಾಯಿದೆಯು ವಿಮರ್ಶಕನಿಗೆ ಅಂಥ ಸಂಖ್ಯೆಯನ್ನೇನೂ ಗೊತ್ತುಪಡಿಸಿಲ್ಲ. ಇದರ ಹಿಂದೆ ಸ್ವಾರಸ್ಯವಾದೊಂದು ಚರಿತ್ರೆಯಿದೆ.

1710ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಆನ್ ರಾಣಿಯ ಕಾಯಿದೆ ಹೊಸ ಪುಸ್ತಕಕ್ಕೆ 14 ವರ್ಷಗಳ ಸ್ವಾಮ್ಯವನ್ನು ಕೊಟ್ಟಿತು. ಅವಧಿ ಮುಗಿದಾಗ ಲೇಖಕ ಬದುಕಿದ್ದರೆ ಮತ್ತೆ 14 ವರ್ಷ. ಹಕ್ಕಿನ ಬೆನ್ನಲ್ಲೇ ವ್ಯಾಜ್ಯವೂ ಬಂದಿತು. 1740ರ ಗೈಲ್ಸ್–ವಿಲ್ಕಾಕ್ಸ್ ಮೊಕದ್ದಮೆಯಲ್ಲಿ ಲಾರ್ಡ್ ಹಾರ್ಡ್‌ವಿಕ್ ಒಂದು ಭೇದವನ್ನು ಕಲ್ಪಿಸಿದನು: ನೆಪಮಾತ್ರಕ್ಕೆ ಮೊಟಕುಮಾಡಿದ ಪುಸ್ತಕ ಹಕ್ಕಿನ ಉಲ್ಲಂಘನೆ, ವಿದ್ವತ್ತು, ವಿವೇಕಗಳನ್ನು ವ್ಯಯಿಸಿ ರಚಿಸಿದ ಸಂಗ್ರಹ ಹೊಸ ಗ್ರಂಥ.

ಇನ್ನೂ ನಯವಾದ ತಕ್ಕಡಿ ದೊರೆತುದು ಅಮೆರಿಕದಲ್ಲಿ, 1841ರ ಫಾಲ್ಸಮ್–ಮಾರ್ಷ್ ಮೊಕದ್ದಮೆಯಲ್ಲಿ. ಜೇರೆಡ್ ಸ್ಪಾರ್ಕ್ಸ್ ಎಂಬ ವಿದ್ವಾಂಸ ಜಾರ್ಜ್ ವಾಷಿಂಗ್ಟನ್ನನ ಬರೆಹಗಳನ್ನು ಸಂಪಾದಿಸಿ 12 ಸಂಪುಟಗಳಲ್ಲಿ ಹೊರತಂದಿದ್ದನು. ಚಾರ್ಲ್ಸ್ ಅಪ್‌ಹ್ಯಾಮ್ ಎಂಬಾತ ಶಾಲಾ ಪುಸ್ತಕಾಲಯಗಳಿಗೆಂದು 2 ಸಂಪುಟಗಳ ಜೀವನಚರಿತ್ರೆಯೊಂದನ್ನು ಸಿದ್ಧಪಡಿಸಿದನು. ಅದರ 866 ಪುಟಗಳಲ್ಲಿ 353 ಪುಟಗಳು ಸ್ಪಾರ್ಕ್ಸನ ಸಂಪುಟಗಳಿಂದ ಅಕ್ಷರಶಃ ಇಳಿದುಬಂದವು. ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಪುಟಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಆರಿಸಿಕೊಂಡುದು ಯಾವುದು, ಯಾವ ಉದ್ದೇಶಕ್ಕೆ? ಅದರ ಪ್ರಮಾಣವೆಷ್ಟು, ಮೌಲ್ಯವೆಷ್ಟು? ಮೂಲಗ್ರಂಥದ ಮಾರಾಟಕ್ಕೆ ಅದರಿಂದ ಹಾನಿಯೆಷ್ಟು? ಪ್ರಾಮಾಣಿಕ ವಿಮರ್ಶೆಗಾಗಿ ಧಾರಾಳವಾಗಿ ಉದ್ಧರಿಸಬಹುದು; ಆದರೆ ಮೂಲವೇ ಬೇಡವೆನ್ನಿಸುವಂತೆ ಅದರ ತಿರುಳನ್ನು ತೆಗೆದುಕೊಳ್ಳಲಾಗದು ಎಂದನು. ಅಪ್‌ಹ್ಯಾಮನ ಪುಸ್ತಕದ ಯೋಗ್ಯತೆಯನ್ನು ಬಲ್ಲ ಸ್ಟೋರಿ ವಿಷಾದದಿಂದಲೇ ಅದರ ವಿರುದ್ಧ ತೀರ್ಪಿತ್ತನು. ಅಮೆರಿಕದ 'ಫೇರ್ ಯೂಸ್' ತತ್ತ್ವಕ್ಕೆ ತಳಹದಿಯಾದ ಮೊಕದ್ದಮೆಯಲ್ಲಿ ಬಳಸಿಕೊಂಡವರೇ ಸೋತರೆಂಬುದು ಗಮನಾರ್ಹ.

ಬ್ರಿಟನ್ನಿನ 1911ರ ಕಾಯಿದೆ ಇದೇ ಬಗೆಯ ರಿಯಾಯಿತಿಯನ್ನು 'ಫೇರ್ ಡೀಲಿಂಗ್' ಎಂದು ಕರೆಯಿತು. ಆ ಮಾತು 1914ರ ಕಾಯಿದೆಯ ಮೂಲಕ ಭಾರತಕ್ಕೆ ಬಂದು, 1957ರ ನಮ್ಮ ಕಾಯಿದೆಯ 52ನೆಯ ಸೆಕ್ಷನ್ನಿನಲ್ಲಿ ನೆಲೆಸಿತು. ವ್ಯಾಸಂಗ, ಸಂಶೋಧನೆ, ವಿಮರ್ಶೆಗಳಿಗೆ ಅಲ್ಲಿ ಎಡೆಯಿದೆ.

ಈ ಸೆಕ್ಷನ್ ಕನ್ನಡದ ಹಿರಿಯ ಲೇಖಕರೊಬ್ಬರ ಕೃತಿಗಳಿಗೂ ಅನ್ವಯಿಸಬೇಕಾಗಿ ಬಂದಿತು. ಶಿವರಾಮ ಕಾರಂತರು ತಮ್ಮ ಕೃತಿಗಳ ಹಕ್ಕನ್ನು ಉಯಿಲಿನ ಮೂಲಕ ಬಿಟ್ಟುಹೋದರು. ಅವರ ಯಕ್ಷಗಾನ ಪ್ರಯೋಗಗಳ ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿತು. 2009ರ ತೀರ್ಪು ಉಯಿಲಿನಿಂದ ಬಂದ ಹಕ್ಕನ್ನು ಎತ್ತಿಹಿಡಿದರೂ, ಪ್ರತಿಬಂಧಕಾಜ್ಞೆಯು 52ನೆಯ ಸೆಕ್ಷನ್ನಿನ ವಿನಾಯಿತಿಗಳಿಗೆ ಅಡ್ಡಬರಲಾಗದೆಂದಿತು. ವಿದ್ಯಾಸಂಸ್ಥೆಯೊಂದು ತನ್ನ ಚಟುವಟಿಕೆಯ ಅಂಗವಾಗಿ ತನ್ನವರ ಮುಂದೆ ಆಡುವ ಪ್ರಯೋಗಕ್ಕೂ, ಹವ್ಯಾಸಿಗಳು ಹಣ ತೆರದ ಪ್ರೇಕ್ಷಕರಿಗೆ ಆಡುವ ಪ್ರಯೋಗಕ್ಕೂ ಅಲ್ಲಿ ಅವಕಾಶವಿದೆ.

ಗ್ರಂಥಸ್ವಾಮ್ಯ ಲೇಖಕನ ಅನ್ನ. ಉದ್ಧರಣೆ ವಿಮರ್ಶೆಯ ಉಸಿರು. ಕವಿತೆಯನ್ನು ತೋರಿಸದೆ ಅದರ ಗುಣದೋಷಗಳನ್ನು ಹೇಳಹೊರಟವನ ಮಾತನ್ನು ನಾವು ನಂಬುವುದೆಂತು? ಕಟುವಿಮರ್ಶೆಯನ್ನೋದಿ ಓದುಗನು ಪುಸ್ತಕವನ್ನು ಕೊಳ್ಳದಿದ್ದರೆ ಅದು ಲೇಖಕನ ದುರದೃಷ್ಟ. ವಿಮರ್ಶೆಯೊಳಗೇ ಪುಸ್ತಕ ದೊರೆತುಹೋದುದರಿಂದ ಕೊಳ್ಳದಿದ್ದರೆ ಅದು ಲೇಖಕನಿಗೆ ಬಗೆದ ಅನ್ಯಾಯ.