ಅಂಕ: ಬಂದದ್ದೋ, ಇರುವುದೋ

ಕನ್ನಡದಲ್ಲಿ ‘ಅಂಕ’ ಎಂಬ ಪದವು ಶಾಲೆಯ ಹೊಸ್ತಿಲು ತುಳಿಯುವುದಕ್ಕೆ ಎಷ್ಟೋ ಶತಮಾನ ಮೊದಲೇ ರಣರಂಗದಲ್ಲಿ, ನಾಟಕಶಾಲೆಯಲ್ಲಿ, ಲೆಕ್ಕದ ಕಡತದಲ್ಲಿ ಬಳಕೆಯಾಗುತ್ತಿತ್ತು. ಸಂಸ್ಕೃತದಿಂದ ಬಂದ ಈ ಪದಕ್ಕೆ ಗುರುತು, ಕಲೆ, ಕೊಕ್ಕೆ, ತೊಡೆ, ಸಂಖ್ಯೆ, ನಾಟಕದ ಒಂದು ಘಟ್ಟ ಎಂಬ ಅರ್ಥಗಳಿದ್ದವು. ಹಳಗನ್ನಡವು ಕಾಳಗ ಎಂಬ ಅರ್ಥದಲ್ಲಿಯೂ ಅದನ್ನು ಬಳಸಿ, ಪಣತೊಟ್ಟು ಎದುರಾಳಿಯ ಮುಂದೆ ನಿಲ್ಲುವ ವೀರನನ್ನು ಅಂಕಕಾರ ಎಂದು ಕರೆಯಿತು, ಮತ್ತು ಕರಾವಳಿಯ ಕೋಳಿ ಅಂಕದಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ವಚನಕಾರರು ಮತ್ತು ದಾಸರು ತಮ್ಮ ರಚನೆಯ ಕೊನೆಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಒತ್ತಿದರು. ದಿನಕ್ಕೆ ಹಾಕಿದ ಗುರುತು ದಿನಾಂಕವಾಯಿತು, ಸಾಲಿಗೆ ಹಾಕಿದ್ದು ಕ್ರಮಾಂಕವಾಯಿತು. ಇದೇ ಪದದ ತದ್ಭವವಾದ ‘ಅಂಕೆ’ ಎಣಿಕೆಯ ಚಿಹ್ನೆಯೂ ಆಯಿತು, ಲಂಕೆ ಸುಟ್ಟ ಕಪಿಯ ಗಾದೆಯಲ್ಲಿರುವಂತೆ ಹತೋಟಿಯೂ ಆಯಿತು. ಇವುಗಳಲ್ಲಿ ಹೆಚ್ಚಿನ ಬಳಕೆಗಳನ್ನು ಒಂದು ಸಾಮಾನ್ಯ ಭಾವ ಹೊಂದಿಸುತ್ತದೆ: ಅಂಕ ಎಂದರೆ ಒಂದು ವಸ್ತುವನ್ನು ಗುರುತಿಸಲೆಂದು ಯಾರೋ ಒಬ್ಬರು ಹೊರಗಿನಿಂದ ಹಾಕಿದ ಚಿಹ್ನೆ, ವಸ್ತುವಿನ ಒಳಗಿನ ತಿರುಳಲ್ಲ.

ಪರೀಕ್ಷೆಯ ಅಂಕದ ವಿಷಯದಲ್ಲಿ ಕನ್ನಡದ ಕ್ರಿಯಾಪದಗಳು ಈ ಭಾವವನ್ನು ಬಲು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿವೆ. ಫಲಿತಾಂಶದ ದಿನ ಮನೆಮನೆಗಳಲ್ಲಿ ಕೇಳುವ ಪ್ರಶ್ನೆ ‘ಎಷ್ಟು ಬಂತು’ ಎಂಬುದು. ಹುಡುಗಿ ಗಣಿತದಲ್ಲಿ 80 ತೆಗೆದಳು, ವಿಜ್ಞಾನದಲ್ಲಿ ಎರಡು ಅಂಕ ಹೋಯಿತು, ಕಾಗುಣಿತದ ತಪ್ಪಿಗೆ ಅರ್ಧ ಅಂಕ ಕತ್ತರಿಸಿದರು ಎಂಬವು ಅದಕ್ಕೆ ಬರುವ ಉತ್ತರಗಳು. ಬರುವುದು, ತೆಗೆಯುವುದು, ಹೋಗುವುದು, ಕತ್ತರಿಸುವುದು: ಎಲ್ಲವೂ ಒಂದು ದಿನ, ಒಂದು ಉತ್ತರಪತ್ರಿಕೆಯ ಮೇಲೆ, ಒಬ್ಬ ಮೌಲ್ಯಮಾಪಕರ ಕೈಯಲ್ಲಿ ನಡೆದ ಘಟನೆಗಳು. ಆಶ್ಚರ್ಯವೆಂದರೆ ‘ಬುದ್ಧಿ’ಗೂ ಕನ್ನಡದ ಆಡುಮಾತು ಇದೇ ಬಗೆಯ ಚಲನೆಯನ್ನು ಕೊಟ್ಟಿದೆ. ಬುದ್ಧಿ ಹೇಳುತ್ತಾರೆ, ಬುದ್ಧಿ ಕಲಿಯುತ್ತಾರೆ, ಬುದ್ಧಿ ಕೆಡುತ್ತದೆ, ಕೆಟ್ಟ ಮೇಲೆ ಬರುತ್ತದೆ. ಆದರೆ ಈ ಎರಡು ಚಲಿಸುವ ಪದಗಳನ್ನು ಸೇರಿಸಿ ‘ಬುದ್ಧ್ಯಂಕ’ ಎಂಬ ಸಮಾಸ ಮಾಡಿದೊಡನೆ ಕ್ರಿಯಾಪದವೇ ಬದಲಾಗಿಬಿಡುತ್ತದೆ. ‘ಆ ಮಗುವಿಗೆ ಬುದ್ಧ್ಯಂಕ 80 ಬಂತು’ ಎಂದು ಹೇಳುವವರು ವಿರಳ, ‘ಆ ಮಗುವಿನ ಬುದ್ಧ್ಯಂಕ 80 ಇದೆ’ ಎಂದೇ ಶಿಕ್ಷಕರೂ ಪೋಷಕರೂ ಪತ್ರಿಕೆಗಳೂ ಹೇಳುತ್ತವೆ. ಬಂದದ್ದು ಇರುವುದಾಗಿಬಿಟ್ಟಿತು, ಹಾಳೆಯ ಮೇಲಿದ್ದ ಗುರುತು ಮಗುವಿನ ಮೈಯ ಲಕ್ಷಣವಾಯಿತು. ವ್ಯಾಕರಣದ ಈ ಸಣ್ಣ ಪಲ್ಲಟದ ಬೆಲೆಯನ್ನು ಎಷ್ಟೋ ಮಕ್ಕಳು ತೆತ್ತಿದ್ದಾರೆ ಎಂಬುದರಿಂದ ಅದನ್ನು ನಿಧಾನವಾಗಿ ಬಿಡಿಸಿ ನೋಡುವುದು ಅಗತ್ಯ.

ಬುದ್ಧಿಮಾಪನದ ಮೂಲಪುರುಷನಾದ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಹಾಕಿದ್ದು ಹೀಗೆ ಅಳಿಸಲಾಗದ ಗುರುತನ್ನಲ್ಲ. ಸಾಮಾನ್ಯ ತರಗತಿಯಲ್ಲಿ ಕಲಿಯಲು ಕಷ್ಟಪಡುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆ ಒದಗಿಸುವ ಮಾರ್ಗವನ್ನು ಸೂಚಿಸಲು ಫ್ರೆಂಚ್ ಸರ್ಕಾರ 1904ರಲ್ಲಿ ಆಯೋಗವೊಂದನ್ನು ನೇಮಿಸಿತು. ಅದರ ಸದಸ್ಯನಾಗಿದ್ದ ಬಿನೆ, ವೈದ್ಯ ತಿಯೊಡೊರ್ ಸಿಮೊನ್‌ನ ಜೊತೆ ಸೇರಿ 1905ರಲ್ಲಿ ಸುಲಭದಿಂದ ಕಠಿಣಕ್ಕೆ ಏರುವ 30 ಪ್ರಶ್ನೆಗಳ ಮಾಪಕವನ್ನು ಪ್ರಕಟಿಸಿದ. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ಅನುಗುಣವಾಗಿ ಜೋಡಿಸಿ, ಮಗುವೊಂದು ಯಾವ ವಯಸ್ಸಿನವರಿಗೆ ಸಾಮಾನ್ಯವಾಗಿ ಸಾಧ್ಯವಾಗುವ ಪ್ರಶ್ನೆಗಳವರೆಗೆ ಉತ್ತರಿಸಬಲ್ಲದೋ ಅದನ್ನು ಆ ಮಗುವಿನ ಮಾನಸಿಕ ಮಟ್ಟವೆಂದು ಪರಿಗಣಿಸಲಾಯಿತು. ಬುದ್ಧಿಯು ಹೆಚ್ಚಿಸಲಾಗದ ನಿಶ್ಚಿತ ಪ್ರಮಾಣ ಎಂಬ ನಂಬಿಕೆಯನ್ನು ಬಿನೆ 1909ರ ತನ್ನ ಪುಸ್ತಕದಲ್ಲಿ ಕ್ರೂರವಾದ ನಿರಾಶಾವಾದವೆಂದು ಖಂಡಿಸಿ, ಹಿಂದುಳಿದ ಮಕ್ಕಳ ಗಮನ, ನೆನಪು, ವಿವೇಚನೆಗಳನ್ನು ಬಲಪಡಿಸುವ ಅಭ್ಯಾಸಗಳನ್ನು ಸೂಚಿಸಿದ. ಅವನ ಮಾಪಕ ನೆರವು ಎಲ್ಲಿಂದ ಶುರುವಾಗಬೇಕೆಂದು ತೋರಿಸುವುದಕ್ಕಾಗಿ ಹುಟ್ಟಿದ್ದು.

ಬಿನೆ 1911ರಲ್ಲಿ ತೀರಿಕೊಂಡ. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಸಲಹೆ ಕೊಟ್ಟ, 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಆ ಭಾಗಲಬ್ಧವನ್ನು 100ರಿಂದ ಗುಣಿಸಿ ಅದನ್ನು ಜನಪ್ರಿಯಗೊಳಿಸಿದ. ಕನ್ನಡದ ಶಿಕ್ಷಣ ಮನೋವಿಜ್ಞಾನದ ಪಠ್ಯಗಳಲ್ಲಿ ಕಾಣುವ ‘ಬುದ್ಧಿಲಬ್ಧ’ ಎಂಬ ಪದ ಈ ಭಾಗಾಕಾರದ ನೆನಪನ್ನು ಹೊತ್ತಿದೆ, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ‘ಲಬ್ಧ’ ಎಂದರೆ ದೊರಕಿದ್ದು, ಲೆಕ್ಕ ಮಾಡಿದಾಗ ಕೈಗೆ ಬಂದದ್ದು. ಬುದ್ಧ್ಯಂಕದಲ್ಲಿ ಕಳೆದುಹೋದ ಕ್ರಿಯೆ ಆ ಪದದೊಳಗೇ ಉಳಿದಿತ್ತು. ಡೇವಿಡ್ ವೆಕ್ಸ್‌ಲರ್ 1939ರಲ್ಲಿ ವಯಸ್ಕರಿಗಾಗಿ ತನ್ನ ಮಾಪಕವನ್ನು ತಂದಾಗ ಮಾನಸಿಕ ವಯಸ್ಸಿನ ಭಾಗಾಕಾರವನ್ನೇ ಕೈಬಿಟ್ಟು, ವ್ಯಕ್ತಿಗೆ ಬಂದ ಅಂಕವು ಅದೇ ವಯೋಮಾನದವರ ಸರಾಸರಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಆಧಾರ ಮಾಡಿಕೊಂಡ. ಇಂದಿನ ಬಹುತೇಕ ಪರೀಕ್ಷೆಗಳಲ್ಲಿ ಸರಾಸರಿ 100 ಮತ್ತು ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯ ಸುತ್ತ ಹರಡಿಕೊಂಡಿರುವ ವಿಸ್ತಾರದ ಅಳತೆ, 15. 85ರಿಂದ 115ರ ನಡುವೆ ಸುಮಾರು ಮೂರನೇ ಎರಡು ಭಾಗದಷ್ಟು ಜನರು, 70ಕ್ಕಿಂತ ಕೆಳಗೆ ನೂರಕ್ಕೆ ಸುಮಾರು ಇಬ್ಬರು ಬರುವಂತೆ ಅದು ಹೊಂದಿಸಲ್ಪಟ್ಟಿರುತ್ತದೆ. ಹಾಗಾಗಿ 80 ಎಂಬುದು ಬುದ್ಧಿಯ 80 ಘಟಕಗಳಲ್ಲ, ಒಂದು ಗುಂಪಿನೊಳಗೆ ನಿಂತ ಜಾಗ.

ಆ ಗುಂಪು ಯಾವುದು ಎಂಬ ಪ್ರಶ್ನೆಯೇ ಪ್ರಮಾಣೀಕರಣದ ಹೃದಯ. ಊರಿಗೊಂದು ಸೇರು ಬೇರೆ ಬೇರೆ ಅಳತೆಯದಾಗಿದ್ದಾಗ ಒಂದು ಸಂತೆಯ ಎರಡು ಸೇರು ರಾಗಿಯನ್ನು ಇನ್ನೊಂದು ಸಂತೆಯ ಎರಡು ಸೇರಿಗೆ ಹೋಲಿಸುವಂತಿರಲಿಲ್ಲ. ಹಾಗೆಯೇ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸೂಚನೆ, ಒಂದೇ ಕಾಲಮಿತಿ, ಒಂದೇ ಅಂಕನ ಕ್ರಮವಿಲ್ಲದೆ ಒಬ್ಬರ ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸಲಾಗದು. ಇದರ ಮೇಲೆ, ಪರೀಕ್ಷೆಯನ್ನು ಮೊದಲು ಒಂದು ಪ್ರಾತಿನಿಧಿಕ ಸಮೂಹಕ್ಕೆ ಕೊಟ್ಟು, ಅವರ ಸಾಧನೆಯಿಂದ ಹೋಲಿಕೆಯ ಕೋಷ್ಟಕ ತಯಾರಿಸಬೇಕು. ಅದನ್ನು ಮಾನಕ ಎನ್ನುತ್ತಾರೆ. ಮತ್ತೆ ಕೊಟ್ಟಾಗಲೂ ಹೆಚ್ಚುಕಡಿಮೆ ಅದೇ ಫಲಿತಾಂಶ ಬರುವುದು ವಿಶ್ವಸನೀಯತೆ. ಅಳೆಯುತ್ತೇನೆ ಎಂದದ್ದನ್ನೇ ಅಳೆಯುವುದು ಸಪ್ರಮಾಣತೆ. ಪ್ಯಾರಿಸಿನ ಮಕ್ಕಳಿಂದ ಹುಟ್ಟಿದ ಕೋಷ್ಟಕದಲ್ಲಿ ಧಾರವಾಡದ ಮಗುವಿನ ಜಾಗ ಹುಡುಕುವುದು ಈ ಯಾವ ಅರ್ಥದಲ್ಲಿಯೂ ಅಳತೆಯಲ್ಲ.

ಇದನ್ನು ಅರಿತವರು ಕನ್ನಡ ನಾಡಿನಲ್ಲಿ ಬೇಗನೆ ಕಾಣಿಸಿಕೊಂಡರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು, ಎಲ್ಲ ಬೌದ್ಧಿಕ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಶಕ್ತಿಯಿದೆ ಎಂದು ವಾದಿಸಿದ ಚಾರ್ಲ್ಸ್ ಸ್ಪಿಯರ್‌ಮನ್‌ನ ಬಳಿ ಲಂಡನ್ನಿನಲ್ಲಿ ಓದಿ ಬಂದವರು. ಇತ್ತ ಮುಂಬಯಿ ಪ್ರಾಂತ್ಯದಲ್ಲಿ ವಿ.ವಿ. ಕಾಮತ್ ಅವರು ಬಿನೆಯ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಅದರ ವಿವರವನ್ನು ಪ್ರಕಟಿಸಿದರು, 1940ರಲ್ಲಿ ಅದನ್ನು ಪುಸ್ತಕವಾಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಅದು ಚಿಕಿತ್ಸಾ ಮನೋವಿಜ್ಞಾನಿಗಳ ಮೇಜಿನ ಮೇಲೆ ದಶಕಗಳ ಕಾಲ ಉಳಿದುಕೊಂಡಿತು. ಭಾರತದ ಮಗುವನ್ನು ಭಾರತದ ಮಕ್ಕಳೊಡನೆಯೇ ಹೋಲಿಸಬೇಕೆಂಬ ನ್ಯಾಯಬುದ್ಧಿ ಆ ಕೆಲಸದಲ್ಲಿತ್ತು, ಮತ್ತು ಕನ್ನಡ ಅದರ ಮೊದಲ ಎರಡು ಭಾಷೆಗಳಲ್ಲಿ ಒಂದು ಎಂಬುದು ಕನ್ನಡಿಗರು ಹೆಚ್ಚು ನೆನೆಯದ ಹೆಮ್ಮೆಯ ಸಂಗತಿ.

ಈ ಬಗೆಯ ಮಾಪಕದಲ್ಲಿ ಅಂಕ ಹೇಗೆ ‘ಬರುತ್ತದೆ’ ಎಂಬುದನ್ನು ಹತ್ತಿರದಿಂದ ನೋಡಬಹುದು. ಎಂಟು ವರ್ಷ ನಾಲ್ಕು ತಿಂಗಳ, ಅಂದರೆ 100 ತಿಂಗಳ, ಮಗುವೊಂದು ಪರೀಕ್ಷಕರ ಎದುರು ಕುಳಿತಿದೆ ಎಂದು ಇಟ್ಟುಕೊಳ್ಳೋಣ. ಒಂದೊಂದು ವಯಸ್ಸಿಗೂ ಆರು ಪ್ರಶ್ನೆಗಳು, ಒಂದೊಂದಕ್ಕೂ ಎರಡು ತಿಂಗಳ ಲೆಕ್ಕ. ಐದು ವರ್ಷದ ಮಟ್ಟದ ಆರನ್ನೂ ಮಗು ಸರಿಯಾಗಿ ಮಾಡಿದರೆ ಅದರ ತಳ ವಯಸ್ಸು 60 ತಿಂಗಳು. ಆರರ ಮಟ್ಟದಲ್ಲಿ ನಾಲ್ಕು ಸರಿಯಾದರೆ ಎಂಟು ತಿಂಗಳು, ಏಳರ ಮಟ್ಟದಲ್ಲಿ ಒಂದು ಸರಿಯಾದರೆ ಎರಡು ತಿಂಗಳು ಸೇರಿ ಮಾನಸಿಕ ವಯಸ್ಸು 70 ತಿಂಗಳಾಗುತ್ತದೆ, ಬುದ್ಧಿಲಬ್ಧ 70. ಇನ್ನೊಂದು ಪ್ರಶ್ನೆಗೆ ಉತ್ತರ ಹೊಳೆದಿದ್ದರೆ 72. ಮಾಡಿದ್ದರಲ್ಲಿ ಒಂದು ತಪ್ಪಿದ್ದರೆ 68. ಹಿಂದಿನ ರಾತ್ರಿಯ ಜ್ವರ, ಹೊಸ ಮುಖದ ಅಂಜಿಕೆ, ಮನೆಮಾತು ಲಂಬಾಣಿಯೋ ತುಳುವೋ ಉರ್ದುವೋ ಆಗಿದ್ದು ಪುಸ್ತಕದ ಕನ್ನಡದಲ್ಲಿ ಕೇಳಿದ ಪ್ರಶ್ನೆ ಅರ್ಥವಾಗದೆ ಹೋಗುವುದು, ಇಷ್ಟು ಸಾಕು ಒಂದು ಪ್ರಶ್ನೆ ಆಚೀಚೆಯಾಗಲು.

ಆ ಅನಿಶ್ಚಿತತೆಯನ್ನು ಮನೋಮಾಪನ ಶಾಸ್ತ್ರ ಎಂದೂ ಮುಚ್ಚಿಟ್ಟಿಲ್ಲ. ಮಾಪನ ದೋಷ ಎಂಬ ಅದರ ಪರಿಕಲ್ಪನೆಯ ಪ್ರಕಾರ, ಮಾನಕ ವಿಚಲನೆ 15 ಇರುವ ಪರೀಕ್ಷೆಯ ವಿಶ್ವಸನೀಯತೆ 0.91 ಆಗಿದ್ದರೆ ದೋಷದ ಪ್ರಮಾಣ 4.5, ಆಗ 72 ಬಂದ ಮಗುವಿನ ಬಗ್ಗೆ ಶೇ 95ರ ಭರವಸೆಯಿಂದ ಹೇಳಬಹುದಾದದ್ದು 63ರಿಂದ 81ರ ನಡುವೆ ಎಲ್ಲೋ ಎಂದಷ್ಟೆ. ವರದಿಯಿಂದ ಶಾಲೆಯ ಕಡತಕ್ಕೆ ಇಳಿಯುವಾಗ ಈ ಹರವು ಸುಲಭವಾಗಿ ಉದುರಿಹೋಗುತ್ತದೆ, ಒಂಟಿ ಸಂಖ್ಯೆ ಉಳಿಯುತ್ತದೆ. ಕೋಷ್ಟಕಕ್ಕೂ ವಯಸ್ಸಾಗುತ್ತದೆ. ಅಮೆರಿಕದಲ್ಲಿ 1932ರಿಂದ 1978ರವರೆಗೆ ಸರಾಸರಿ ಸಾಧನೆ ಸುಮಾರು 14 ಅಂಕಗಳಷ್ಟು ಏರಿತ್ತೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ. ಅರ್ಧ ಶತಮಾನಕ್ಕೂ ಕಡಿಮೆ ಅವಧಿಯಲ್ಲಿ ಒಂದು ಜನಸಮುದಾಯದ ಹುಟ್ಟುಗುಣ ಬದಲಾಗದು, ಬದಲಾದದ್ದು ಶಾಲೆ, ಆಹಾರ, ಆರೋಗ್ಯ, ಅಮೂರ್ತವಾಗಿ ಯೋಚಿಸುವ ರೂಢಿ ಮುಂತಾದವು. ಸಾಧನೆ ಹೀಗೆ ಏರಿದಲ್ಲೆಲ್ಲ ಹಳೆಯ ಮಾನಕದಿಂದ ಅಳೆದಾಗ ಅಂಕ ಉಬ್ಬುತ್ತದೆ, ಮತ್ತು 70ರ ಗೆರೆಯ ಹತ್ತಿರದ ಮಗುವಿಗೆ ಈ ಉಬ್ಬು ಲಾಭವಲ್ಲ; ದೊರಕಬೇಕಿದ್ದ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರ, ಅದರೊಂದಿಗೆ ಬರುವ ವಿಶೇಷ ಬೋಧನೆ ಮತ್ತು ಭತ್ಯೆ ಕೈತಪ್ಪುತ್ತವೆ.

ಅಭ್ಯಾಸದಿಂದಲೂ ಅಂಕ ಏರುತ್ತದೆ. ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಯ ಪ್ರವೇಶಕ್ಕೆ ಐದನೇ ತರಗತಿಯ ಮಕ್ಕಳು ಬರೆಯುವ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯದವು, 100 ಅಂಕಗಳಲ್ಲಿ 50 ಅವುಗಳದ್ದು: ಗುಂಪಿಗೆ ಸೇರದ ಚಿತ್ರ, ಕನ್ನಡಿಯ ಬಿಂಬ, ಮಡಿಸಿ ಕತ್ತರಿಸಿದ ಕಾಗದ ಬಿಚ್ಚಿದಾಗ ಕಾಣುವ ಆಕಾರ. ಕಲಿಸದೆ ಬರುವ ಶಕ್ತಿಯನ್ನು ಅಳೆಯಬೇಕಾದ ಈ ಭಾಗಕ್ಕೇ ಉತ್ತರ ಕರ್ನಾಟಕದ ಪಟ್ಟಣಗಳ ತರಬೇತಿ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಪಾಠ ನಡೆಯುತ್ತದೆ, ಶುಲ್ಕ ಕಟ್ಟಲಾಗದ ಮಗು ಆ ಚಿತ್ರಗಳನ್ನು ಪರೀಕ್ಷೆಯ ದಿನ ಮೊದಲ ಬಾರಿಗೆ ನೋಡುತ್ತದೆ. ಇಬ್ಬರ ಅಂಕಗಳೂ ಒಂದೇ ಹೆಸರಿನಿಂದ ಪಟ್ಟಿಗೆ ಏರುತ್ತವೆ.

ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಏಕರೂಪದ್ದಾದರೂ ಮೇಲಿನ ಕಟ್ಟುನಿಟ್ಟಿನ ಅರ್ಥದಲ್ಲಿ ಪ್ರಮಾಣೀಕೃತವಲ್ಲ. ಪ್ರತಿವರ್ಷದ ಪ್ರಶ್ನೆಪತ್ರಿಕೆ ಹೊಸದು, ಅದರ ಕಾಠಿಣ್ಯವನ್ನು ಹಿಂದಿನ ವರ್ಷದ್ದಕ್ಕೆ ತೂಗಿ ಸರಿಹೊಂದಿಸುವ ಮಾನಕವಿಲ್ಲ. ಆ ಕೊರತೆಯನ್ನು ತುಂಬಲು ಕನ್ನಡ ಒಂದು ಪದವನ್ನೇ ಇಟ್ಟುಕೊಂಡಿದೆ: ಕೃಪಾಂಕ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಫಲಿತಾಂಶ ಕುಸಿಯಿತೆಂದು ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು, ಉತ್ತೀರ್ಣರಾದವರು ಶೇ 73.40, ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಈ ಇಳಿತವನ್ನು ಮಕ್ಕಳ ಸಾಮರ್ಥ್ಯದ ಇಳಿತವೆಂದು ಓದಿದವರು ಅಂಕವನ್ನು ಮತ್ತೆ ‘ಇರುವ’ ಪಟ್ಟಿಗೆ ಸೇರಿಸಿದಂತೆ. ಆದರೂ ಈ ಪರೀಕ್ಷೆಯ ಅಂಕಕ್ಕೆ ಒಂದು ಸೌಭಾಗ್ಯ ಉಳಿದಿದೆ: ಮರುಎಣಿಕೆ, ಮರುಮೌಲ್ಯಮಾಪನ, ಎರಡನೇ ಪರೀಕ್ಷೆ. ಬಂದದ್ದು ಇನ್ನೊಮ್ಮೆ ಬೇರೆಯಾಗಿ ಬರಬಹುದು ಎಂದು ವ್ಯವಸ್ಥೆಯೇ ಒಪ್ಪಿಕೊಂಡಿದೆ.

ಬುದ್ಧಿಯ ಪರೀಕ್ಷೆಗಳನ್ನು ಕಿತ್ತೊಗೆಯಬೇಕೆಂಬ ವಾದ ಇಲ್ಲಿಂದ ಹುಟ್ಟುವುದಾದರೆ ಅದು ಅವಸರದ್ದು. ಓದಲು ತಡವರಿಸುವ, ‘ದಡ್ಡ’ ಎಂಬ ಬೈಗುಳವನ್ನು ವರ್ಷಗಟ್ಟಲೆ ಕೇಳಿದ ಮಗುವಿಗೆ ಸಾಮರ್ಥ್ಯ ಪರೀಕ್ಷೆಯಲ್ಲಿ 105 ಬಂದು, ಓದು-ಬರಹದ ಸಾಧನಾ ಪರೀಕ್ಷೆಯಲ್ಲಿ ಎರಡು ತರಗತಿ ಹಿಂದಿನ ಮಟ್ಟ ಕಂಡಾಗ, ತೊಂದರೆ ಇರುವುದು ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವ ನಿರ್ದಿಷ್ಟ ಕಲಿಕಾ ನ್ಯೂನತೆಯಲ್ಲಿ ಎಂಬ ಸುಳಿವು ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ ಪರೀಕ್ಷಾ ಗುಚ್ಛವೊಂದನ್ನು ರೂಪಿಸಿದೆ. ಸೋಮಾರಿತನವೆಂಬ ಆರೋಪದಿಂದ ಆ ಮಗುವನ್ನು ಬಿಡಿಸುವ ಶಕ್ತಿ ಶಿಕ್ಷಕರ ಅಂದಾಜಿಗಿಲ್ಲ, ಆ ಎರಡು ಅಂಕಗಳ ನಡುವಿನ ಅಂತರಕ್ಕಿದೆ. ಬೌದ್ಧಿಕ ಅಂಗವೈಕಲ್ಯದ ನಿರ್ಣಯದಲ್ಲಿ ಬುದ್ಧಿಪರೀಕ್ಷೆಯ ಅಂಕವೊಂದೇ ಸಾಲದು, ಉಣ್ಣುವುದು, ಉಡುವುದು, ಅಂಗಡಿಗೆ ಹೋಗಿ ಬರುವುದು, ಇತರರೊಡನೆ ಬೆರೆಯುವುದು ಮುಂತಾದ ಹೊಂದಾಣಿಕೆಯ ವರ್ತನೆಯನ್ನೂ ನೋಡಬೇಕೆಂಬುದು ಇಂದಿನ ಸಾಮಾನ್ಯ ಒಪ್ಪಿಗೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಮಕ್ಕಳಿಗೆ ಕೊಡುವ ಇಂಥ ಪ್ರಮಾಣಪತ್ರವನ್ನು ಅವರು ಬೆಳೆದಂತೆ ಮರುಪರಿಶೀಲಿಸಿ ನವೀಕರಿಸುವ ಏರ್ಪಾಡಿದೆ. ಶಾಲೆಯ ಕಡತದಲ್ಲಿ ಮಗುವಿನ ಹೆಸರಿನ ಮುಂದೆ ಬರೆದ ಬುದ್ಧ್ಯಂಕಕ್ಕೂ ಇಷ್ಟಾದರೂ ಸಲ್ಲಬೇಕು: ಪರೀಕ್ಷೆಯ ಹೆಸರು, ಅದರ ಮಾನಕ ತಯಾರಾದ ವರ್ಷ, ಪ್ರಶ್ನೆ ಕೇಳಿದ ಭಾಷೆ, ಅಂಕದ ಆಚೀಚಿನ ಹರವು, ಪರೀಕ್ಷೆ ನಡೆದ ದಿನಾಂಕ, ಮತ್ತು ವಾಕ್ಯದ ಕೊನೆಯಲ್ಲಿ ‘ಇದೆ’ ಎಂಬುದರ ಬದಲು ‘ಬಂದಿದೆ’.